ಮದ್ಯಸಾರಗಳ ಕುಲಶೋಧನೆ

ಕಾರ್ತಿಕ ಕಳೆದು ಚಳಿ ಕಾಲಿಡುತ್ತಲೇ ಕಲಬುರಗಿ ಜಿಲ್ಲೆಯ ಪಶ್ಚಿಮ ಭಾಗದ ದಾರಿಗಳಲ್ಲಿ ಕಬ್ಬು ಹೇರಿದ ಗಾಡಿಗಳ ಸಾಲು ಮೊದಲಾಗುತ್ತದೆ. ಈ ಜಿಲ್ಲೆ ತೊಗರಿಗೆ ಹೆಸರಾದುದು ನಿಜ. ಆದರೆ ಭೀಮೆಯ ನೀರು ಮುಟ್ಟಿದ ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿಯೂ, ಅಮರ್ಜಾ ಹೊಳೆಯ ಆಸರೆಯುಳ್ಳ ಆಳಂದದ ಕೆಲವು ಊರುಗಳಲ್ಲಿಯೂ ಕಬ್ಬು ಬಹುಕಾಲದಿಂದ ತನ್ನ ಪಾಲನ್ನು ಕೇಳುತ್ತ ಬಂದಿದೆ. ಆಳಂದದ ಕಡೆಗೆ ಭೂಸನೂರ, ಅಫಜಲಪುರದ ಕಡೆಗೆ ಹವಳಗಾ, ಜೇವರ್ಗಿ ಭಾಗದಲ್ಲಿ ಮಳ್ಳಿ. ಈ ಮೂರು ಊರುಗಳ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಹೊಗೆಯಾಡತೊಡಗಿದವೆಂದರೆ ನಮ್ಮ ತರಗತಿಗಳಲ್ಲಿ ಹಾಜರಿ ತೆಳುವಾಗುವುದೂ ಉಂಟು. ಕಬ್ಬು ಕಡಿಯುವ ಕಾಲದಲ್ಲಿ ರೈತರ ಮಕ್ಕಳಿಗೆ ಮನೆಯಲ್ಲಿ ಕೆಲಸ ಬಹಳ.

ಕಬ್ಬಿನ ಹಾಲಿನಿಂದ ಸಕ್ಕರೆಯನ್ನೆಲ್ಲ ಹರಳುಗಟ್ಟಿಸಿ ತೆಗೆದ ಮೇಲೆ ಉಳಿಯುವ ಕಪ್ಪಾದ, ಅಂಟಾದ ರಸಕ್ಕೆ ಕಾಕಂಬಿ ಎಂದು ಹೆಸರು. ಒಂದು ಟನ್ ಕಬ್ಬಿಗೆ ಸುಮಾರು 40ರಿಂದ 45 ಕಿಲೋಗ್ರಾಂ ಕಾಕಂಬಿ ದೊರೆಯುತ್ತದೆ. ಇದರಲ್ಲಿ ಇನ್ನೂ ಬಹಳಷ್ಟು ಸಕ್ಕರೆ ಉಂಟು. ಆದರೆ ಅದು ಹರಳುಗಟ್ಟದು. ಮನುಷ್ಯನು ಕೈಬಿಟ್ಟ ಈ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಕೈಬಿಡುವುದಿಲ್ಲ. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತದೆ. ಹುದುಗಿದ ರಸದಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಮದ್ಯಸಾರವಾದ ಮೇಲೆ ಅದನ್ನು ಬಟ್ಟಿ ಇಳಿಸಿ ಸಾರವನ್ನು ಬೇರ್ಪಡಿಸುತ್ತಾರೆ. ಸಕ್ಕರೆಯನ್ನು ಪೂರ್ಣವಾಗಿ ತೆಗೆದ ಕಾಕಂಬಿಯಾದರೆ ಟನ್ನಿಗೆ ಸುಮಾರು 225ರಿಂದ 250 ಲೀಟರ್ ಮದ್ಯಸಾರ. ಅಂದರೆ ಒಂದು ಟನ್ ಕಬ್ಬಿನ ಬೆನ್ನಿಗೆ ಹತ್ತು ಲೀಟರಿನಷ್ಟು. ಹವಳಗಾದ ಕಾರ್ಖಾನೆಯಲ್ಲಿ ಮದ್ಯಸಾರದ ಘಟಕವೂ ಇದೆ. ಇಂದು ದೇಶದಲ್ಲಿ ತಯಾರಾಗುವ ಇಂಥ ಮದ್ಯಸಾರದ ದೊಡ್ಡ ಪಾಲು ಪೆಟ್ರೋಲಿನೊಡನೆ ಬೆರೆಯಲು ಹೋಗುತ್ತದೆ. 2025ರಲ್ಲಿ ಆ ಬೆರಕೆ ನೂರಕ್ಕೆ ಇಪ್ಪತ್ತರ ಮಟ್ಟವನ್ನು ಮುಟ್ಟಿತು.

ಈ ಮದ್ಯಸಾರದ ಶಾಸ್ತ್ರೀಯ ನಾಮ ಈಥೈಲ್ ಆಲ್ಕೊಹಾಲ್, ಇಲ್ಲವೆ ಎಥನಾಲ್. ಒಂದು ದಿನ ಪ್ರಯೋಗಶಾಲೆಯ ಕಪಾಟಿನಲ್ಲಿ ಇದರ ಬಾಟಲಿಯ ಪಕ್ಕದಲ್ಲಿಯೇ ಇನ್ನೊಂದು ಬಾಟಲಿಯನ್ನು ಕಂಡ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು: "ಸರ್, ಎರಡೂ ನೀರಿನ್ಹಂಗ ಕಾಣ್ತಾವ. ಚೀಟಿ ಹರಿದು ಹೋದ್ರ ಯಾವುದು ಯಾವುದಂತ ಹ್ಯಾಂಗ ತಿಳಕೋಬೇಕ್ರಿ?" ಎರಡನೆಯ ಬಾಟಲಿಯಲ್ಲಿದ್ದುದು ಮೀಥೈಲ್ ಆಲ್ಕೊಹಾಲ್, ಅಂದರೆ ಮೆಥನಾಲ್. ಪ್ರಶ್ನೆ ಚಿಕ್ಕದು. ಆದರೆ ಚೀಟಿಯಿಲ್ಲದ ಬಾಟಲಿಗಳಿಂದ ನಮ್ಮ ನಾಡಿನಲ್ಲಿ ಎಷ್ಟು ಜನ ಸತ್ತಿರುವರೆಂಬುದನ್ನು ನೆನೆದರೆ ಅದು ಚಿಕ್ಕದಲ್ಲ. 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಸಾರಾಯಿ ಮತ್ತೆ ನೂರಕ್ಕೂ ಹೆಚ್ಚು ಪ್ರಾಣಗಳನ್ನು ತೆಗೆದುಕೊಂಡಿತು. ಸತ್ತವರಲ್ಲಿ ಬಹುಪಾಲು ಕೂಲಿಕಾರರು.

ಮೆಥನಾಲಿಗೂ ಎಥನಾಲಿಗೂ ಇರುವ ವ್ಯತ್ಯಾಸವೇನು? ಎಥನಾಲಿನ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಎರಡು, ಮೆಥನಾಲಿನಲ್ಲಿ ಒಂದು, ಅಷ್ಟೇ. ಎರಡರಲ್ಲಿಯೂ ಒಂದು ಆಮ್ಲಜನಕ ಮತ್ತು ಒಂದು ಜಲಜನಕ ಕೂಡಿದ ಹೈಡ್ರಾಕ್ಸಿಲ್ ಎಂಬ ಗುಂಪು ಇದೆ. ಈ ಗುಂಪನ್ನು ಇಂಗಾಲದ ಬೆನ್ನಿಗೆ ಕಟ್ಟಿಕೊಂಡ ಸಂಯುಕ್ತಗಳಿಗೆ ಸಾಮಾನ್ಯವಾಗಿ ಆಲ್ಕೊಹಾಲುಗಳೆಂದು ಹೆಸರು. ಬಹಳ ಹಿಂದೆ ಮೆಥನಾಲನ್ನು ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ ಪಡೆಯುತ್ತಿದ್ದುದರಿಂದ ಅದಕ್ಕೆ ಮರದ ಸಾರ ಎಂಬ ಹೆಸರೂ ಇತ್ತು. ಅದರ ರಚನೆಯನ್ನು ಫ್ರಾನ್ಸಿನ ಡ್ಯೂಮಾ ಮತ್ತು ಪೆಲಿಗೊ ಎಂಬವರು 1834ರಲ್ಲಿ ಗೊತ್ತುಮಾಡಿದರು. ಈಗ ಅದನ್ನು ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳನ್ನು ಒತ್ತಡದಲ್ಲಿ ಕೂಡಿಸಿ ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ಮಾಡುತ್ತಾರೆ. ಬಣ್ಣ, ಅಂಟು, ಪ್ಲಾಸ್ಟಿಕ್ ಮೊದಲಾದ ಉದ್ಯಮಗಳಿಗೆ ಅದು ಬೇಕೇ ಬೇಕು. ಬೆಲ್ಲದ ಕೊಳೆಯನ್ನು ಕದ್ದು ಬಟ್ಟಿ ಇಳಿಸುವಾಗ ಮೆಥನಾಲ್ ತಾನಾಗಿ ಹುಟ್ಟಿ ಜನರನ್ನು ಕೊಲ್ಲುವುದೆಂಬ ಒಂದು ನಂಬಿಕೆ ಜನರಲ್ಲಿದೆ. ಇದು ಸರಿಯಲ್ಲ. ಬೆಲ್ಲ, ಕಾಕಂಬಿಗಳ ಹುದುಗಿನಲ್ಲಿ ಹುಟ್ಟುವ ಮೆಥನಾಲ್ ಅತ್ಯಲ್ಪ. ಸಾಮೂಹಿಕ ಸಾವಿಗೆ ಕಾರಣವಾಗುವುದು ಉದ್ಯಮದ ಮೆಥನಾಲನ್ನು ತಿಳಿದೋ ತಿಳಿಯದೆಯೋ ಮದ್ಯಸಾರವೆಂದು ಬೆರೆಸಿದಾಗ.

ವಿಷವಾಗುವುದು ಮೆಥನಾಲ್ ತಾನಲ್ಲ, ಅದರ ಸಂತತಿ. ನಮ್ಮ ಯಕೃತ್ತಿನಲ್ಲಿ ಆಲ್ಕೊಹಾಲುಗಳ ಜಲಜನಕವನ್ನು ಕಿತ್ತುಕೊಳ್ಳುವ ಒಂದು ಕಿಣ್ವವಿದೆ. ಎಥನಾಲ್ ಸಿಕ್ಕಿದರೆ ಅದು ಅಸಿಟಾಲ್ಡಿಹೈಡ್ ಆಗಿ, ಮುಂದೆ ವಿನೆಗರಿನ ಆಮ್ಲವಾಗಿ, ದೇಹದಲ್ಲಿ ಉರಿದು ಹೋಗುತ್ತದೆ. ಮೆಥನಾಲ್ ಸಿಕ್ಕಿದರೆ ಫಾರ್ಮಾಲ್ಡಿಹೈಡ್ ಆಗಿ, ಮುಂದೆ ಫಾರ್ಮಿಕ್ ಆಮ್ಲವಾಗುತ್ತದೆ. ಇದು ಇರುವೆಗಳಲ್ಲಿ ಮೊದಲು ಕಂಡುಬಂದ ಆಮ್ಲ. ಲ್ಯಾಟಿನ್ ಭಾಷೆಯಲ್ಲಿ ಇರುವೆಗಿರುವ ಹೆಸರೇ ಇದಕ್ಕೂ ಬಂದಿದೆ. ಮನುಷ್ಯನ ದೇಹ ಇದನ್ನು ಬೇಗನೆ ಕಳೆದುಕೊಳ್ಳಲಾರದು. ಜೀವಕೋಶಗಳು ಆಮ್ಲಜನಕವನ್ನು ಬಳಸುವ ಯಂತ್ರಕ್ಕೇ ಇದು ಕೈ ಹಾಕುತ್ತದೆ. ಎಲ್ಲಕ್ಕಿಂತ ಮೊದಲು ಕಣ್ಣಿನ ನರ ಸೋಲುತ್ತದೆ. ಹತ್ತು ಮಿಲಿಲೀಟರಿನಷ್ಟು ಶುದ್ಧ ಮೆಥನಾಲ್ ದೃಷ್ಟಿಗೆ ಎರವಾಗಬಹುದು, ಮೂವತ್ತು ಮಿಲಿಲೀಟರ್ ಪ್ರಾಣಕ್ಕೆ. ಕುಡಿದ ಹನ್ನೆರಡು ತಾಸಿನಿಂದ ಒಂದು ದಿನದವರೆಗೆ ವಿಶೇಷವೇನೂ ತೋರದಿರಬಹುದೆಂಬುದು ಇದರ ಕ್ರೂರ ಲಕ್ಷಣ. ಆ ನಡುವೆ ಅದೇ ಪೀಪಾಯಿಯಿಂದ ಇನ್ನೆಷ್ಟೋ ಜನ ಕುಡಿದಿರುತ್ತಾರೆ. ವೈದ್ಯರು ಇದಕ್ಕೆ ಪ್ರತಿವಿಷವಾಗಿ ಫೋಮೆಪಿಜೋಲ್ ಎಂಬ ಔಷಧವನ್ನು, ಅದು ದೊರೆಯದಲ್ಲಿ ಎಥನಾಲನ್ನೇ, ಅಳತೆಯಾಗಿ ಕೊಡುವುದುಂಟು. ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲಿನ ಮೇಲೆಯೇ ಒಲವು ಹೆಚ್ಚು. ಅದು ಎಥನಾಲಿನಲ್ಲಿ ತೊಡಗಿರುವಷ್ಟು ಕಾಲ ಮೆಥನಾಲ್ ಬದಲಾಗದೆ ಉಳಿದು ಮೆಲ್ಲಗೆ ದೇಹದಿಂದ ಹೊರಬೀಳುತ್ತದೆ. ಇದು ಆಸ್ಪತ್ರೆಯ ಕೆಲಸ. ಮನೆಯ ಉಪಾಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಗುರುತಿಸುವ ಮಾತಿಗೆ ಬರೋಣ. ನಾವು ಭೌತಶಾಸ್ತ್ರದ ಅಧ್ಯಾಪಕರು. ಆದುದರಿಂದ ಮೊದಲು ನಮ್ಮ ಕಪಾಟಿನ ಉಪಕರಣಗಳನ್ನೇ ಪರೀಕ್ಷೆಗೆ ಹೂಡಿದೆವು. ಅಬಕಾರಿಯವರು ಮದ್ಯದ ಬಲವನ್ನು ಅಳೆಯುವುದು ಹೈಡ್ರಾಮೀಟರಿನಿಂದ. ದ್ರವದ ಸಾಂದ್ರತೆ ಕಡಿಮೆಯಾದಷ್ಟೂ ಈ ಗಾಜಿನ ತೇಲುಕಡ್ಡಿ ಹೆಚ್ಚು ಮುಳುಗುತ್ತದೆ. ನೀರಿನಲ್ಲಿ ಮದ್ಯಸಾರ ಹೆಚ್ಚಿದಷ್ಟೂ ಸಾಂದ್ರತೆ ಇಳಿಯುತ್ತದೆ. ನಮ್ಮ ದೇಶದ ಮದ್ಯದ ಸೀಸೆಗಳ ಮೇಲೆ ಇಂದಿಗೂ ಕಾಣುವ 42.8 ಎಂಬ ವಿಚಿತ್ರ ಅಂಕ ಈ ಅಳತೆಯ ಇತಿಹಾಸದಿಂದಲೇ ಬಂದುದು. ಇಂಗ್ಲಿಷರ ಹಳೆಯ 'ಪ್ರೂಫ್' ಲೆಕ್ಕದಲ್ಲಿ ನೂರಕ್ಕೆ 57.1 ಭಾಗ ಮದ್ಯಸಾರವಿದ್ದರೆ ಪೂರ್ಣ ಬಲ. ಅದರ ಮುಕ್ಕಾಲು ಭಾಗವೇ 42.8. ಇಷ್ಟು ಹಳೆಯ, ಇಷ್ಟು ನಂಬಿಕೆಯ ಈ ಉಪಕರಣ ನಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲುದೇ? ಇಲ್ಲ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಥನಾಲಿನ ಸಾಂದ್ರತೆ 0.789, ಮೆಥನಾಲಿನದು 0.792. ನೀರು ಬೆರೆಸಿದಾಗಲೂ ಅವು ಜೊತೆಜೊತೆಯಾಗಿಯೇ ಸಾಗುತ್ತವೆ: ತೂಕದಲ್ಲಿ ನೂರಕ್ಕೆ ನಲವತ್ತು ಭಾಗವಿರುವ ದ್ರಾವಣಗಳೆರಡರ ಸಾಂದ್ರತೆಯೂ 0.935ರ ಹತ್ತಿರವೇ. ಹೈಡ್ರಾಮೀಟರಿಗೆ ಎರಡೂ ಒಂದೇ. ಮೆಥನಾಲ್ ಬೆರೆಸಿದವನಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೆ?

ಬೆಂಕಿ ಹಚ್ಚಿ ನೋಡುವುದು ಜನರು ಬಲ್ಲ ಪರೀಕ್ಷೆ. ನೀಲಿಯಾಗಿ ಉರಿದರೆ ಒಳ್ಳೆಯದು ಎಂದು ಕುಡಿಯುವವರು ಹೇಳುವುದನ್ನು ಕೇಳಿದ್ದೇವೆ. ಮೆಥನಾಲ್ ಸಹ ನೀಲಿಯಾಗಿಯೇ ಉರಿಯುತ್ತದೆ. ಅದರ ಜ್ವಾಲೆ ಇನ್ನೂ ಮಂದವಾಗಿ, ಹಗಲಿನ ಬೆಳಕಿನಲ್ಲಿ ಕಾಣದಂತೆಯೂ ಇರಬಹುದು. ಈ ಪರೀಕ್ಷೆಯನ್ನು ನಂಬುವುದಕ್ಕಿಂತ ಯಾವ ಪರೀಕ್ಷೆಯನ್ನೂ ಮಾಡದಿರುವುದು ಮೇಲು. ಆಗ ಸಂಶಯವಾದರೂ ಉಳಿಯುತ್ತದೆ. ಮೂಸಿ ನೋಡುವುದೂ ಅಂಥದೇ. ರುಚಿ ನೋಡುವ ಮಾತನ್ನಂತೂ ಎತ್ತಲೇಬಾರದು.

ಕುದಿಯುವ ಬಿಂದು ಬೇರೆ: ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿದರೆ ಎಥನಾಲ್ 78.3ರಲ್ಲಿ. ಶುದ್ಧ ದ್ರವಗಳಾದರೆ ಇದು ಸಾಕು. ಆದರೆ ಬೆರಕೆಗೆ ಒಂದೇ ಕುದಿಬಿಂದುವಿಲ್ಲ; ಕುದಿಯುತ್ತ ಹೋದಂತೆ ಉಷ್ಣತಾಮಾಪಕವೂ ಏರುತ್ತ ಹೋಗುತ್ತದೆ.

ನಮ್ಮ ಕಪಾಟಿನ ಮಾನ ಉಳಿಸಿದ್ದು ಬೆಳಕು. ಬೆಳಕು ಒಂದು ವಸ್ತುವಿನಿಂದ ಇನ್ನೊಂದನ್ನು ಹೊಗುವಾಗ ಎಷ್ಟು ಬಾಗುತ್ತದೆಂಬುದನ್ನು ವಕ್ರೀಭವನಾಂಕ ತಿಳಿಸುತ್ತದೆ. ನೀರಿಗೆ ಅದು 1.333. ಎಥನಾಲಿಗೆ 1.361. ಮೆಥನಾಲಿಗೆ 1.329, ನೀರಿಗಿಂತಲೂ ಕಡಿಮೆ! ಮೇಲೆ ಹೇಳಿದ ನೂರಕ್ಕೆ ನಲವತ್ತರ ದ್ರಾವಣಗಳಲ್ಲಿ ಎಥನಾಲಿನದು ಸುಮಾರು 1.358, ಮೆಥನಾಲಿನದು ಸುಮಾರು 1.34. ಕಬ್ಬು ಬೆಳೆಯುವವರಿಗೆ ಈ ಮಾತು ಹೊಸದಲ್ಲ. ಕಬ್ಬು ಮಾಗಿದೆಯೇ ಎಂದು ನೋಡಲು ಹೊಲಕ್ಕೆ ಬರುವ ಕಾರ್ಖಾನೆಯವರ ಕೈಯಲ್ಲಿ ಒಂದು ಚಿಕ್ಕ ಕೊಳವೆ ಇರುತ್ತದೆ. ಅದರ ಗಾಜಿನ ಮೇಲೆ ಒಂದು ಹನಿ ಹಾಲನ್ನು ಹಾಕಿ, ಬೆಳಕಿನ ಕಡೆಗೆ ಹಿಡಿದು, ಒಳಗಿನ ಗೆರೆಯನ್ನು ಓದಿ 'ಬ್ರಿಕ್ಸ್ ಇಷ್ಟು' ಎನ್ನುತ್ತಾರೆ. ಆ ಕೊಳವೆ ವಕ್ರೀಭವನಮಾಪಕವೇ; ಸಕ್ಕರೆಯ ಅಳತೆಗೆಂದು ಗೆರೆ ಹಾಕಿದ್ದಾರೆ, ಅಷ್ಟೇ. ಅದರ ಮೇಲೆ ನಮ್ಮ ಎರಡು ದ್ರಾವಣಗಳನ್ನು ಹಾಕಿದರೆ ಎಥನಾಲಿನದು ಹದಿನಾರು ಹದಿನೇಳು ಬ್ರಿಕ್ಸಿನ ಕಬ್ಬಿನ ಹಾಲಿನಂತೆಯೂ, ಮೆಥನಾಲಿನದು ಆರರ ಆಸುಪಾಸಿನಲ್ಲಿಯೂ ತೋರುತ್ತದೆ. ಹೈಡ್ರಾಮೀಟರ್ ಒಂದೇ ಎಂದು ಹೇಳಿದ ದ್ರವಗಳನ್ನು ರೈತನ ಹೊಲದ ಉಪಕರಣ ಬೇರೆ ಮಾಡಿ ತೋರಿಸುತ್ತದೆ. ಸಾಂದ್ರತೆ ಒಂದು ಸಾಕ್ಷಿ, ವಕ್ರೀಭವನಾಂಕ ಇನ್ನೊಂದು. ಎರಡು ಸಾಕ್ಷಿಗಳನ್ನು ಕೂಡಿಸಿ ಕೇಳಿದಾಗಲೇ ನ್ಯಾಯ ತಿಳಿಯುವುದು. ಆದರೂ ಒಂದು ಮಿತಿ ಉಂಟು. ದ್ರವದಲ್ಲಿ ಸಕ್ಕರೆ, ಬಣ್ಣ, ಬೇರೆ ಪದಾರ್ಥ ಬೆರೆತಿದ್ದರೆ ಈ ಅಂಕಗಳೂ ಸುಳ್ಳು ಹೇಳುತ್ತವೆ. ಎಥನಾಲಿನಲ್ಲಿ ಸ್ವಲ್ಪವೇ ಮೆಥನಾಲ್ ಸೇರಿದ್ದರೆ ವ್ಯತ್ಯಾಸ ಕಣ್ಣಿಗೆ ಸಿಕ್ಕದು.

ಆದುದರಿಂದ ರಸಾಯನಶಾಸ್ತ್ರದ ಬಾಗಿಲನ್ನು ತಟ್ಟಲೇಬೇಕಾಯಿತು.

ರಸಾಯನಜ್ಞರು ಆಲ್ಕೊಹಾಲುಗಳನ್ನು ಪ್ರಾಥಮಿಕ, ದ್ವಿತೀಯಕ, ತೃತೀಯಕ ಎಂದು ಮೂರು ಬಗೆಯಾಗಿ ಎಣಿಸುತ್ತಾರೆ. ನಮ್ಮ ಕಡೆಯ ಹಳ್ಳಿಗಳ ಓಣಿಗಳಲ್ಲಿ ಗೋಡೆಗೆ ಗೋಡೆ ಹೊಂದಿದ ಕಲ್ಲಿನ ಮನೆಗಳನ್ನು ನೆನೆಸಿಕೊಳ್ಳಿ. ಸಾಲಿನ ತುದಿಯ ಮನೆಗೆ ಒಂದು ಗೋಡೆಯ ನೆರೆ. ನಡುವಿನ ಮನೆಗೆ ಎರಡು. ಹಿತ್ತಲಿಗೂ ಮನೆ ಅಂಟಿಕೊಂಡಿದ್ದರೆ ಮೂರು. ಹೈಡ್ರಾಕ್ಸಿಲ್ ಗುಂಪು ಯಾವ ಇಂಗಾಲದ ಮೇಲೆ ಕುಳಿತಿದೆಯೋ ಆ ಇಂಗಾಲಕ್ಕೆ ಒಂದೇ ಇಂಗಾಲದ ನೆರೆಯಿದ್ದರೆ ಅದು ಪ್ರಾಥಮಿಕ, ಎರಡಿದ್ದರೆ ದ್ವಿತೀಯಕ, ಮೂರಿದ್ದರೆ ತೃತೀಯಕ. ಇಂಗಾಲಕ್ಕೆ ಕೈಗಳು ನಾಲ್ಕೇ ಆದುದರಿಂದ, ನೆರೆಹೊರೆಯವರು ಹೆಚ್ಚಿದಷ್ಟೂ ಅದರ ಮೇಲೆ ಜಲಜನಕಕ್ಕೆ ಸ್ಥಳ ಕಡಿಮೆ: ಪ್ರಾಥಮಿಕದಲ್ಲಿ ಎರಡು ಜಲಜನಕ, ದ್ವಿತೀಯಕದಲ್ಲಿ ಒಂದು, ತೃತೀಯಕದಲ್ಲಿ ಒಂದೂ ಇಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ಪ್ರಯೋಗಗಳಲ್ಲಿ ಬಾಯಿಪಾಠ ಮಾಡಬೇಕಾದುದು ಬಹಳ ಇಲ್ಲ.

ಅಭ್ಯಾಸಕ್ಕೆ ಬ್ಯೂಟೈಲ್ ಆಲ್ಕೊಹಾಲುಗಳಂಥ ಕುಟುಂಬ ಇನ್ನೊಂದಿಲ್ಲ. ನಾಲ್ಕು ಇಂಗಾಲ, ಹತ್ತು ಜಲಜನಕ, ಒಂದು ಆಮ್ಲಜನಕ. ಅದೇ ಸಾಮಗ್ರಿಯಿಂದ ನಾಲ್ಕು ಬೇರೆ ಬೇರೆ ಆಲ್ಕೊಹಾಲುಗಳು, ಮೂರು ಬಗೆಯವೂ ಅದರಲ್ಲಿಯೇ. ಇವುಗಳಲ್ಲಿ ತೃತೀಯಕ ಬ್ಯೂಟೈಲ್ ಆಲ್ಕೊಹಾಲ್ ಸುಮಾರು 25 ಡಿಗ್ರಿಯಲ್ಲಿ ಕರಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದು ನೀರಿನಂತೆ ಹರಿಯುತ್ತದೆ. ಡಿಸೆಂಬರಿನ ಮುಂಜಾನೆ ಬಾಟಲಿಯನ್ನು ಬೋರಲು ಹಿಡಿದರೂ ಬೀಳದು. ಕೈಯಲ್ಲಿ ಕೆಲಹೊತ್ತು ಹಿಡಿದುಕೊಂಡರೆ ಮತ್ತೆ ಕರಗುತ್ತದೆ. ಪ್ರಯೋಗಕ್ಕೆ ಮೊದಲೇ ಒಂದು ಗುರುತು ದೊರೆತಂತಾಯಿತು.

1930ರಲ್ಲಿ ಅಮೆರಿಕೆಯ ಹೊವರ್ಡ್ ಲೂಕಾಸ್ ಎಂಬ ವಿಜ್ಞಾನಿ ಪ್ರಕಟಿಸಿದ ಪರೀಕ್ಷೆ ಈಗ ಎಲ್ಲ ಕಾಲೇಜುಗಳಲ್ಲಿಯೂ ನಡೆಯುತ್ತದೆ. ನೀರಿಲ್ಲದ ಸತುವಿನ ಕ್ಲೋರೈಡ್ 136 ಗ್ರಾಂನಷ್ಟನ್ನು 105 ಗ್ರಾಂ ತೀಕ್ಷ್ಣ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತಣ್ಣಗಿಡುತ್ತ ಕರಗಿಸಿದರೆ ಲೂಕಾಸ್ ದ್ರಾವಣ ಸಿದ್ಧ. ಇದನ್ನು ಅಧ್ಯಾಪಕರೇ ಮಾಡಬೇಕು; ಕರಗುವಾಗ ಬಹಳ ಬಿಸಿಯೇರುತ್ತದೆ, ಆಮ್ಲದ ಹೊಗೆಯೂ ಏಳುತ್ತದೆ. ಪ್ರನಾಳದಲ್ಲಿ ಎರಡು ಮಿಲಿಲೀಟರ್ ದ್ರಾವಣವಿಟ್ಟು ನಾಲ್ಕೈದು ಹನಿ ಆಲ್ಕೊಹಾಲ್ ಸೇರಿಸಿ ಅಲುಗಿಸಿದರೆ, ತೃತೀಯಕವಾದಲ್ಲಿ ಕೂಡಲೇ ಹಾಲಿನಂತೆ ಕದಡುತ್ತದೆ. ದ್ವಿತೀಯಕವಾದಲ್ಲಿ ಐದು ಹತ್ತು ನಿಮಿಷ ಕಾಯಿಸುತ್ತದೆ. ಪ್ರಾಥಮಿಕವಾದಲ್ಲಿ ಕೋಣೆಯ ಉಷ್ಣತೆಯಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಕದಡುವುದೇಕೆ? ಆಲ್ಕೊಹಾಲಿನ ಹೈಡ್ರಾಕ್ಸಿಲ್ ಕಳಚಿ, ಅದರ ಎಡೆಯಲ್ಲಿ ಕ್ಲೋರಿನ್ ಬಂದು ಕೂರುತ್ತದೆ. ಹೀಗಾದ ಕ್ಲೋರೈಡು ದ್ರಾವಣದಲ್ಲಿ ಕರಗದೆ ಎಣ್ಣೆಯ ಸೂಕ್ಷ್ಮ ಹನಿಗಳಾಗಿ ತೋರುತ್ತದೆ. ಹೈಡ್ರಾಕ್ಸಿಲ್ ಕಳಚಿದ ಕ್ಷಣದಲ್ಲಿ ಆ ಇಂಗಾಲದ ಮೇಲೆ ಎಲೆಕ್ಟ್ರಾನುಗಳ ಕೊರತೆ ಬೀಳುತ್ತದೆ. ಸುತ್ತಲೂ ಇಂಗಾಲದ ನೆರೆಯವರು ಹೆಚ್ಚಾಗಿದ್ದರೆ ಅವರು ತಮ್ಮ ಎಲೆಕ್ಟ್ರಾನುಗಳ ಸ್ವಲ್ಪ ಪಾಲನ್ನು ಅತ್ತ ಒತ್ತಿ ಆ ಕೊರತೆಯನ್ನು ಹಂಚಿಕೊಳ್ಳುತ್ತಾರೆ, ಕಳಚುವುದು ಸುಲಭವಾಗುತ್ತದೆ. ಒಂಟಿ ನೆರೆಯ ಪ್ರಾಥಮಿಕಕ್ಕೆ ಆ ಬೆಂಬಲವಿಲ್ಲ. ಆರಕ್ಕಿಂತ ಹೆಚ್ಚು ಇಂಗಾಲಗಳುಳ್ಳ ಆಲ್ಕೊಹಾಲುಗಳು ಸಾಮಾನ್ಯವಾಗಿ ಈ ದ್ರಾವಣದಲ್ಲಿ ತಾವೇ ಕರಗವು. ಅವಕ್ಕೆ ಈ ಪರೀಕ್ಷೆ ಸಲ್ಲದು.

ಇಲ್ಲಿ ನಮ್ಮದೇ ಒಂದು ಪೆದ್ದುತನವನ್ನು ಹೇಳಬೇಕು. ಒಂದು ಮಳೆಗಾಲ ರಸಾಯನಶಾಸ್ತ್ರದ ಮಿತ್ರರು ರಜೆಯಲ್ಲಿದ್ದಾಗ ಅವರ ಪ್ರಯೋಗದ ತರಗತಿಯನ್ನು ನಾವು ತೆಗೆದುಕೊಂಡೆವು. ಕಪಾಟಿನಲ್ಲಿದ್ದ ಹಳೆಯ ಲೂಕಾಸ್ ದ್ರಾವಣವನ್ನೇ ಹಂಚಿದೆವು. ವಿದ್ಯಾರ್ಥಿಗಳಿಗೆ ಕೊಟ್ಟಿದ್ದು ತೃತೀಯಕ ಬ್ಯೂಟೈಲ್ ಆಲ್ಕೊಹಾಲ್. ಎಲ್ಲರ ಪ್ರನಾಳಗಳೂ ತಿಳಿಯಾಗಿಯೇ ಉಳಿದವು. ಎಲ್ಲರೂ 'ಪ್ರಾಥಮಿಕ' ಎಂದು ಬರೆದರು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, ಬೆಳಗ್ಗೆ ತಾನು ಬಾಟಲಿಯನ್ನು ನೋಡಿದಾಗ ಅಂಚಿನಲ್ಲಿ ಗಟ್ಟಿಯಾಗಿತ್ತೆಂದೂ, ಪ್ರಾಥಮಿಕ ಬ್ಯೂಟೈಲ್ ಹಾಗೆ ಗಟ್ಟಿಯಾಗುವುದೆ ಎಂದೂ ಕೇಳಿದಳು. ಸತುವಿನ ಕ್ಲೋರೈಡು ಗಾಳಿಯ ತೇವವನ್ನು ಹೀರುವುದರಲ್ಲಿ ಉಪ್ಪಿಗಿಂತ ಮುಂದು. ತಿಂಗಳುಗಟ್ಟಲೆ ಸಡಿಲ ಮುಚ್ಚಳದ ಬಾಟಲಿಯಲ್ಲಿ ಅದು ನೀರು ಕುಡಿದು ಬಲ ಕಳೆದುಕೊಂಡಿತ್ತು. ಪರೀಕ್ಷೆಗೆ ಮೊದಲು ಗೊತ್ತಿರುವ ಒಂದು ತೃತೀಯಕವನ್ನು ಹಾಕಿ ದ್ರಾವಣ ಕೆಲಸ ಮಾಡುವುದೇ ಎಂದು ನೋಡಿದ್ದರೆ ತಪ್ಪು ಆಗಲೇ ಸಿಕ್ಕುತ್ತಿತ್ತು. ಅಂದಿನಿಂದ ನಮ್ಮಲ್ಲಿ ಗೊತ್ತಿರುವ ಮಾದರಿಯೊಂದನ್ನು ಪಕ್ಕದಲ್ಲಿಡದೆ ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ. ಆ ಹುಡುಗಿಗೆ ಪೂರ್ಣ ಅಂಕಗಳನ್ನು ಕೊಟ್ಟೆವು. ನಮಗೆ ಕೊಡಬೇಕಾಗಿದ್ದ ಅಂಕಗಳ ಮಾತು ಬೇಡ.

ಎರಡನೆಯ ಪರೀಕ್ಷೆ ಉತ್ಕರ್ಷಣ. ಪೊಟಾಸಿಯಂ ಡೈಕ್ರೋಮೇಟಿನ ಕಿತ್ತಳೆ ಬಣ್ಣದ ದ್ರಾವಣಕ್ಕೆ ಸ್ವಲ್ಪ ಗಂಧಕಾಮ್ಲ ಸೇರಿಸಿ ಆಲ್ಕೊಹಾಲ್ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ, ಪ್ರಾಥಮಿಕವೂ ದ್ವಿತೀಯಕವೂ ಅದನ್ನು ಹಸಿರು ಮಾಡುತ್ತವೆ. ತೃತೀಯಕ ಮಾಡದು, ಅದರ ಆ ಇಂಗಾಲದ ಮೇಲೆ ಕಿತ್ತುಕೊಳ್ಳಲು ಜಲಜನಕವೇ ಇಲ್ಲವಲ್ಲ! ಪ್ರಾಥಮಿಕದಿಂದ ಆಲ್ಡಿಹೈಡ್ ಹುಟ್ಟುತ್ತದೆ, ದ್ವಿತೀಯಕದಿಂದ ಕೀಟೋನ್. ಆವಿಯನ್ನು ಹಿಡಿದು ತಣಿಸಿ ಬೆಳ್ಳಿಯ ನೈಟ್ರೇಟಿನ ಅಮೋನಿಯಾ ದ್ರಾವಣದೊಡನೆ ಕಾಯಿಸಿದರೆ ಆಲ್ಡಿಹೈಡ್ ಪ್ರನಾಳದ ಗೋಡೆಗೆ ಬೆಳ್ಳಿಯ ಕನ್ನಡಿಯನ್ನು ಹಿಡಿಸುತ್ತದೆ, ಕೀಟೋನ್ ಹಿಡಿಸದು. ಹೀಗೆ ಮೂರೂ ಬೇರೆಯಾದುವು. 1954ರಲ್ಲಿ ಅಮೆರಿಕೆಯ ಬೋರ್ಕೆನ್‌ಸ್ಟೈನ್ ನಿರ್ಮಿಸಿದ, ಕುಡಿದು ವಾಹನ ನಡೆಸುವವರ ಉಸಿರನ್ನು ಪರೀಕ್ಷಿಸುವ ಯಂತ್ರ ಕೆಲಸ ಮಾಡಿದ್ದು ಈ ಬಣ್ಣದ ಬದಲಾವಣೆಯಿಂದಲೇ. ಡೈಕ್ರೋಮೇಟು ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ಈಗ ತಿಳಿದಿದೆ. ಕೆಲವೇ ಹನಿಗಳಿಂದ ಕೆಲಸ ಮುಗಿಸಬೇಕು, ಉಳಿದುದನ್ನು ಮೋರಿಗೆ ಚೆಲ್ಲದೆ ಬೇರೆ ಬಾಟಲಿಯಲ್ಲಿ ಕೂಡಿಡಬೇಕು. ಹಳೆಯ ಪಠ್ಯಪುಸ್ತಕಗಳಲ್ಲಿ ವಿಕ್ಟರ್ ಮೇಯರನ ಕೆಂಪು, ನೀಲಿ, ಬಣ್ಣವಿಲ್ಲದ ಮೂರು ದ್ರಾವಣಗಳ ಪರೀಕ್ಷೆಯನ್ನು ಓದಿದವರುಂಟು. ನೋಡಲು ಅಂದ, ಮಾಡಲು ಸುತ್ತುಬಳಸು; ಅದನ್ನು ಇಲ್ಲಿ ಬಿಡುತ್ತೇವೆ.

ಆದರೆ ಓದುಗರು ಗಮನಿಸಿರಬೇಕು: ಮೆಥನಾಲ್ ಮತ್ತು ಎಥನಾಲ್ ಎರಡೂ ಈ ಪರೀಕ್ಷೆಗಳಲ್ಲಿ ಪ್ರಾಥಮಿಕದಂತೆಯೇ ನಡೆಯುತ್ತವೆ. ನಮ್ಮ ಮೊದಲ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ.

ಇಲ್ಲಿ ಸಾಮಾನ್ಯವಾಗಿ ಹೇಳುವುದು ಅಯೊಡೋಫಾರ್ಮ್ ಪರೀಕ್ಷೆ. ಆಲ್ಕೊಹಾಲಿನ ಕೆಲವು ಹನಿಗಳಿಗೆ ಅಯೊಡೀನ್ ದ್ರಾವಣ ಬೆರೆಸಿ, ಕಂದು ಬಣ್ಣ ಹೋಗುವಷ್ಟು ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿಟ್ಟರೆ ಎಥನಾಲ್ ಇದ್ದಲ್ಲಿ ತೆಳು ಹಳದಿಯ ಹರಳುಗಳು ತಳಕ್ಕಿಳಿಯುತ್ತವೆ. ಆಸ್ಪತ್ರೆಯ ಹಳೆಯ ಕಟ್ಟುಪಟ್ಟಿಯ ವಾಸನೆಯೂ ಬರುತ್ತದೆ, ಅಯೊಡೋಫಾರ್ಮನ್ನು ಗಾಯಗಳಿಗೆ ಬಳಸುತ್ತಿದ್ದ ಕಾರಣದಿಂದ. ಮೆಥನಾಲ್ ಇದನ್ನು ಕೊಡದು. ಎಥನಾಲಿನ ಎರಡನೆಯ ಇಂಗಾಲದ ಮೀಥೈಲ್ ಗುಂಪೇ ಈ ಹರಳಾಗಿ ಬೀಳುವುದು. ಮೆಥನಾಲಿಗೆ ಎರಡನೆಯ ಇಂಗಾಲವೇ ಇಲ್ಲ. ಪ್ರಾಥಮಿಕ ಆಲ್ಕೊಹಾಲುಗಳಲ್ಲಿ ಈ ಗುಣವಿರುವುದು ಎಥನಾಲಿಗೆ ಮಾತ್ರ. 2020ರಿಂದ ಮನೆಮನೆಗೆ ಬಂದ ಕೈ ತೊಳೆಯುವ ದ್ರವಗಳಲ್ಲಿರುವ ಐಸೊಪ್ರೊಪೈಲ್ ಆಲ್ಕೊಹಾಲ್ ಸಹ ಹಳದಿ ಹರಳು ಕೊಡುತ್ತದೆ; ಅದು ದ್ವಿತೀಯಕ. ಆ ವರ್ಷ ಸಕ್ಕರೆ ಕಾರ್ಖಾನೆಗಳ ಮದ್ಯಸಾರವೂ ಇಂಥ ದ್ರವಕ್ಕಾಗಿ ಹರಿಯಿತು. ಅದೇ ವರ್ಷ ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆ ಕೆಲವು ಕೈದ್ರವಗಳಲ್ಲಿ ಮೆಥನಾಲ್ ಸೇರಿರುವುದನ್ನು ಕಂಡು ಜನರನ್ನು ಎಚ್ಚರಿಸಬೇಕಾಯಿತು.

ಈಗ ಒಂದು ಪ್ರಶ್ನೆ. ಚೀಟಿಯಿಲ್ಲದ ಬಾಟಲಿಯೊಂದರ ದ್ರವದಲ್ಲಿ ಹಳದಿ ಹರಳು ಬಿದ್ದಿತು. ಅದು ನಿರಪಾಯವೆಂದು ಹೇಳಬಹುದೆ?

ತರಗತಿಯಲ್ಲಿ ಈ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಕೈಗಳು ಹೌದೆಂದೇ ಏಳುತ್ತವೆ. ಹಳದಿ ಹರಳು ಹೇಳಿದ್ದು ಎಥನಾಲ್ ಇದೆ ಎಂದು. ಮೆಥನಾಲ್ ಇಲ್ಲವೆಂದು ಅದು ಹೇಳಲೇ ಇಲ್ಲ. ವಿಷದ ಸಾರಾಯಿಯಲ್ಲಿ ಎಥನಾಲೂ ಇರಬಹುದು. ಕೊಲ್ಲುವ ಬೆರಕೆಯಲ್ಲಿಯೂ ಅಯೊಡೋಫಾರ್ಮ್ ಅಂದವಾಗಿಯೇ ಬೀಳುತ್ತದೆ. ಬೇಕಾದುದು ಎಥನಾಲನ್ನು ಹುಡುಕುವ ಪರೀಕ್ಷೆಯಲ್ಲ. ಎಥನಾಲಿನ ಗುಂಪಿನಲ್ಲಿ ಅಡಗಿರುವ ಮೆಥನಾಲನ್ನು ಹೆಸರು ಹಿಡಿದು ಕರೆಯುವ ಪರೀಕ್ಷೆ.

ಅದು ಕ್ರೋಮೊಟ್ರೋಪಿಕ್ ಆಮ್ಲದ ಪರೀಕ್ಷೆ. ದೇಹ ಮೆಥನಾಲಿಗೆ ಮಾಡುವುದನ್ನೇ ಇಲ್ಲಿ ಪ್ರನಾಳದಲ್ಲಿ ಮಾಡುತ್ತೇವೆ. ಮಾದರಿಯನ್ನು ಬಟ್ಟಿ ಇಳಿಸಿ, ಮದ್ಯಸಾರ ನೂರಕ್ಕೆ ಐದಾರು ಭಾಗವಿರುವಂತೆ ನೀರು ಬೆರೆಸಿ, ಫಾಸ್ಫೋರಿಕ್ ಆಮ್ಲ ಕೂಡಿದ ಪೊಟಾಸಿಯಂ ಪರ್ಮಾಂಗನೇಟಿನೊಡನೆ ಹತ್ತು ನಿಮಿಷ ಬಿಡುತ್ತಾರೆ. ಮೆಥನಾಲ್ ಇದ್ದರೆ ಅದು ಫಾರ್ಮಾಲ್ಡಿಹೈಡ್ ಆಗುತ್ತದೆ. ಎಥನಾಲ್ ಅಸಿಟಾಲ್ಡಿಹೈಡ್ ಆಗುತ್ತದೆ. ಉಳಿದ ನೇರಳೆ ಬಣ್ಣವನ್ನು ಸೋಡಿಯಂ ಬೈಸಲ್ಫೈಟಿನಿಂದ ಕಳೆಯುತ್ತಾರೆ. ಬಳಿಕ ಕ್ರೋಮೊಟ್ರೋಪಿಕ್ ಆಮ್ಲದ ದ್ರಾವಣವನ್ನು ಹಾಕಿ, ಹಿಮದ ನೀರಿನಲ್ಲಿಟ್ಟು ತೀಕ್ಷ್ಣ ಗಂಧಕಾಮ್ಲವನ್ನು ಮೆಲ್ಲಮೆಲ್ಲನೆ ಸೇರಿಸಿ, ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಕಾಲು ತಾಸು ಇಡುತ್ತಾರೆ. ಫಾರ್ಮಾಲ್ಡಿಹೈಡ್ ಇದ್ದರೆ ನೇರಳೆ ಬಣ್ಣ ಮೂಡುತ್ತದೆ. ಅಸಿಟಾಲ್ಡಿಹೈಡ್ ಈ ಬಣ್ಣವನ್ನು ಕೊಡದು. ಪಕ್ಕದಲ್ಲಿ ಮೂರು ಪ್ರನಾಳಗಳಿರಬೇಕು: ಬರಿಯ ನೀರಿನದು, ಶುದ್ಧ ಎಥನಾಲಿನದು, ಗೊತ್ತಿರುವಷ್ಟು ಮೆಥನಾಲನ್ನು ನಾವೇ ಬೆರೆಸಿದುದು. ನಮ್ಮ ಮಳೆಗಾಲದ ಪಾಠ ಇಲ್ಲಿ ಪ್ರಾಣದ ಬೆಲೆಯದಾಗುತ್ತದೆ. ಕೆಟ್ಟ ದ್ರಾವಣ ಬಣ್ಣ ಕೊಡದಿದ್ದರೆ ವಿಷವೂ ಶುದ್ಧವೆಂದೇ ತೋರುವುದಲ್ಲವೆ? ಬಣ್ಣದ ಗಾಢತೆಯನ್ನು ಅಳೆದರೆ ಮೆಥನಾಲ್ ಎಷ್ಟಿದೆ ಎಂಬುದೂ ತಿಳಿಯುತ್ತದೆ. ಬಿಸಿಯಾದ ತೀಕ್ಷ್ಣ ಗಂಧಕಾಮ್ಲ ಇದರಲ್ಲಿರುವುದರಿಂದ ಇದು ಅನುಭವಿಗಳ ಕೈಯ ಪ್ರಯೋಗ. ವಿದ್ಯಾರ್ಥಿಗಳು ದೂರದಲ್ಲಿ ನಿಂತು ನೋಡಬಹುದು. ಕಲಬುರಗಿಯಲ್ಲಿಯೂ ಇರುವಂಥ ನ್ಯಾಯವಿಜ್ಞಾನ ಪ್ರಯೋಗಾಲಯಗಳಲ್ಲಿ ಇಂದು ಕೊನೆಯ ಮಾತು ಹೇಳುವುದು ಅನಿಲ ವರ್ಣರೇಖನ ಯಂತ್ರ. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ತೋರಿಸಿಕೊಟ್ಟ ಈ ವಿಧಾನದಲ್ಲಿ ಬೆರಕೆಯ ಆವಿ ಒಂದು ಉದ್ದನೆಯ ಕೊಳವೆಯಲ್ಲಿ ಸಾಗುತ್ತ ಬೇರೆಬೇರೆಯಾಗಿ, ಮೆಥನಾಲ್ ಮೊದಲು, ಎಥನಾಲ್ ಅದರ ಹಿಂದೆ, ತಮ್ಮ ತಮ್ಮ ಹೊತ್ತಿಗೆ ಹೊರಬರುತ್ತವೆ.

ಅಪಾಯವಿಲ್ಲದ ಒಂದನ್ನಾದರೂ ತಾವೇ ಮಾಡಿ ನೋಡಬೇಕೆಂಬ ವಿದ್ಯಾರ್ಥಿಗಳಿಗೆ ಗ್ಲಿಸರಿನ್ ಇದೆ. ಅದೂ ಆಲ್ಕೊಹಾಲೇ, ಒಂದರ ಬದಲು ಮೂರು ಹೈಡ್ರಾಕ್ಸಿಲ್ ಗುಂಪುಗಳುಳ್ಳದ್ದು. ಬಿಳಿಗಾರವನ್ನು ನೀರಿನಲ್ಲಿ ಕರಗಿಸಿ ಎರಡು ಹನಿ ಫೀನಾಲ್ಫ್ತಲೀನ್ ಹಾಕಿದರೆ ದ್ರಾವಣ ಗುಲಾಬಿಯಾಗುತ್ತದೆ. ಅದಕ್ಕೆ ಸ್ಪಿರಿಟ್ ದೀಪದ ಮದ್ಯಸಾರ ಕೆಲವು ಹನಿ ಹಾಕಿರಿ. ಗುಲಾಬಿ ಹಾಗೆಯೇ ಉಳಿಯುತ್ತದೆ. ಗ್ಲಿಸರಿನ್ ಹಾಕಿರಿ, ಬಣ್ಣ ಮಾಯವಾಗುತ್ತದೆ. ಅಕ್ಕಪಕ್ಕದ ಹೈಡ್ರಾಕ್ಸಿಲ್ ಗುಂಪುಗಳು ಬೋರೇಟನ್ನು ಇಕ್ಕುಳದಂತೆ ಹಿಡಿದುಕೊಂಡು ದ್ರಾವಣದ ಕ್ಷಾರಗುಣವನ್ನು ಇಳಿಸಿದುದೇ ಇದಕ್ಕೆ ಕಾರಣ. ಹಣ್ಣಿನ ಸಕ್ಕರೆಯೂ ಹೀಗೆ ಮಾಡಬಲ್ಲುದು, ಆದುದರಿಂದ ಪಾತ್ರೆ ಶುದ್ಧವಿರಲಿ. ಈಗ ಪ್ರನಾಳವನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಇಕ್ಕುಳ ಸಡಿಲಿ ಗುಲಾಬಿ ಮರಳುತ್ತದೆ. ಹೊರತೆಗೆದು ತಣಿಯಲು ಬಿಟ್ಟರೆ ಮತ್ತೆ ಹೋಗುತ್ತದೆ.